ನಡುವಿನ ಗಾಂಧಾರ

ಬಳೇಪೇಟೆ, ಬೆಂಗಳೂರು
12-8-1996

ಶ್ರೀಮತಿ ಸರ್ವಮಂಗಳಮ್ಮನವರಿಗೆ ಶರಣು.

ತಾವು ಕಳಿಸಿದ್ದ ಹಾರ್ಮೋನಿಯಂ ರಿಪೇರಿಯಾಗಿ ಇವತ್ತು ಬೆಳಿಗ್ಗೆ ರಾಣೆಬೆನ್ನೂರಿನ ಲಾರಿ ಹತ್ತಿದೆ. ಗೋಣಿಚೀಲದೊಳಗೆ ಹುಲ್ಲು ತುಂಬಿ, ಪೆಟ್ಟಿಗೆಗೆ ಹಳೆಯ ಜಮಖಾನ ಸುತ್ತಿದ್ದೇನೆ. ಜಮಖಾನ ವಾಪಸು ಕಳಿಸುವುದು ಬೇಡ.

ತಿದಿಯ ಚರ್ಮವನ್ನು ಇಲಿ ತಿಂದಿತ್ತು, ಹೊಸದು ಹಾಕಿದ್ದೇನೆ. ಈಗ ಒಂದು ಸಲ ಒತ್ತಿದರೆ ಗಾಳಿ ನಿಂತಿರುತ್ತದೆ. ಪೆಟ್ಟಿಗೆ ಒಳ್ಳೆಯ ಕಾಲದ್ದು, ಇಂಥ ತೇಗ ಈಗ ನೋಡುವುದಕ್ಕೂ ಸಿಗುವುದಿಲ್ಲ. ಹನ್ನೆರಡು ವರ್ಷ ಮೂಲೆಯಲ್ಲಿತ್ತು ಎಂದು ಬರೆದಿದ್ದಿರಿ. ಆದರೂ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳಲ್ಲಿ ಒಂದೂ ಮುರಿದಿಲ್ಲ.

ಬಿಳಿ ಒಂದನೆಯ ಮನೆ ಒತ್ತಿದರೆ ನುಡಿಯುವ, ಮೂರೂ ಸ್ಥಾಯಿಯ ಆರು ರೀಡುಗಳು ಮಾತ್ರ ಶ್ರುತಿ ಇಳಿದು ಹಾಳಾಗಿದ್ದವು. ತಾವು ಅದನ್ನು ಬರೆದಿರಲಿಲ್ಲ, ಗಮನಿಸಿರಲಿಕ್ಕಿಲ್ಲ. ಫೋರ್ಕು ಬಡಿದು, ಶ್ರುತಿ ಹೋಲಿಸಿ, ಅವನ್ನೂ ಸರಿಮಾಡಿದ್ದೇನೆ. ಕೇಳದೆ ಮಾಡಿದ ಕೆಲಸ, ಅದಕ್ಕೆ ಬೇರೆ ಏನೂ ಕೊಡಬೇಕಾಗಿಲ್ಲ. ನಮ್ಮ ತಂದೆಯವರ ಕಾಲದಿಂದ ಈ ಅಂಗಡಿಯಿಂದ ಅಪಸ್ವರದ ಪೆಟ್ಟಿಗೆ ಹೊರಗೆ ಹೋದದ್ದಿಲ್ಲ.

ತಲುಪಿದ್ದಕ್ಕೆ ಒಂದು ಕಾರ್ಡು ಹಾಕಿ.

ಮಲ್ಲಿಕಾರ್ಜುನಯ್ಯ


ರಾಣೆಬೆನ್ನೂರು
29-8-1996

ಹಾರ್ಮೋನಿಯಂ ಅಂಗಡಿಯವರಿಗೆ,

ಪೆಟ್ಟಿಗೆ ಬಂತು. ಜಮಖಾನವೂ ಬಂತು. ಬಾರದೆ ಹೋದದ್ದು ನನ್ನ ಯಜಮಾನರು ಅದರೊಳಗೆ ಇಟ್ಟುಹೋಗಿದ್ದ ಸ್ವರ.

ನಾನು ಇಪ್ಪತ್ತಾರು ವರ್ಷ ನಾಟಕ ಕಂಪನಿಯಲ್ಲಿ ಹಾಡಿದವಳು. ನಮ್ಮ ಯಜಮಾನರು ಗುರುಸಿದ್ಧಪ್ಪ ಮಾಸ್ತರರು ಅದೇ ಕಂಪನಿಯಲ್ಲಿ ಪೆಟ್ಟಿಗೆ ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಹಾಡಲಿಲ್ಲ, ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ. ನಾನು ರಂಗದ ಮೇಲೆ ನಿಂತ ಕೂಡಲೇ ಅವರು ಕರಿ ನಾಲ್ಕು, ಬಿಳಿ ಒಂದು, ಕರಿ ಎರಡು, ಈ ಮೂರು ಮನೆಗಳನ್ನು ಒಟ್ಟಿಗೆ ಒತ್ತುತ್ತಿದ್ದರು. ಆ ನಾದದಲ್ಲಿ ಅಳುವೂ ಇರಲಿಲ್ಲ, ನಗುವೂ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಬಂದ ಗಂಡನ ಗುರುತು ಹತ್ತದೆ ಹೆಂಡತಿ ಬಾಗಿಲಲ್ಲಿ ನಿಂತು ಹಾಡುವ ಪದವೊಂದಿತ್ತು, ಅದಕ್ಕೆ ಅದೇ ನಾದ ಬೇಕು. ನಿನ್ನೆ ಅದೇ ಮೂರು ಮನೆ ಒತ್ತಿದರೆ ಮದುವೆ ಬ್ಯಾಂಡಿನವರ ಹಾಗೆ ಕಿಸಕ್ಕೆಂದು ನಕ್ಕಿತು.

ನಾನು ಗಮನಿಸಿಲ್ಲ ಎಂದು ಬರೆದಿದ್ದೀರಿ. ನನ್ನ ಕಿವಿಯ ವಿಷಯ ಕೇಳಿ. 1958ರಲ್ಲಿ ಇಳಕಲ್ಲಿನಲ್ಲಿ ನಮ್ಮ ಕಂಪನಿಯ ಡೇರೆ ಇತ್ತು. ನನಗೆ ಮದುವೆಯಾಗಿ ಮೂರು ತಿಂಗಳು. ತಾಲೀಮಿನಲ್ಲಿ ಹಾಡು ನಿಲ್ಲಿಸಿ ಎಲ್ಲರ ಎದುರಿಗೇ ಹೇಳಿದೆ: "ಪೆಟ್ಟಿಗ್ಯಾಗ ತಪ್ಪೈತ್ರಿ. ಗಾಂಧಾರ ಏರಿ ಕುಂತೈತಿ." ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಹೌದು, ತಪ್ಪು ನಂದು" ಅಂದರು. ಮರುದಿನ ಮಧ್ಯಾಹ್ನ ಅರ ಹಿಡಿದು ಕೂತು ರೀಡು ತೇಯ್ದು ಸರಿಮಾಡಿದರು. ಅಂಥ ಮಾಸ್ತರರ ತಪ್ಪು ಹಿಡಿದ ಕಿವಿ ಇದು.

ಜನವರಿ ಹತ್ತೊಂಬತ್ತಕ್ಕೆ ದಾವಣಗೆರೆಯಲ್ಲಿ ಹಳೆಯ ಕಂಪನಿಗಳ ಕಲಾವಿದರೆಲ್ಲ ಸೇರುತ್ತಾರೆ. ಆ ಪದ ನಾನು ಹಾಡಬೇಕು. ನನ್ನ ಅಣ್ಣನ ಮೊಮ್ಮಗಳು ಮಹಾನಂದ ಇಲ್ಲಿ ಶಾಲೆಯಲ್ಲಿ ಟೀಚರು, ಅವಳು ಪೆಟ್ಟಿಗೆ ನುಡಿಸುತ್ತಾಳೆ. ಈ ವಯಸ್ಸಿನಲ್ಲಿ ಒಂದೇ ಸಲ, ಇನ್ನೊಂದು ಸಲ ಯಾರು ಕರೆಯುತ್ತಾರೆ? ನೀವು ಕೆಡಿಸಿದ್ದನ್ನು ನೀವೇ ಸರಿಮಾಡಿ ಕೊಡಬೇಕು.

ಸರ್ವಮಂಗಳಾ


ಬಳೇಪೇಟೆ, ಬೆಂಗಳೂರು
9-9-1996

ಶ್ರೀಮತಿ ಸರ್ವಮಂಗಳಮ್ಮನವರಿಗೆ ಶರಣು.

ತಮ್ಮ ಪತ್ರ ಓದಿ ತಲೆಬುಡ ತಿಳಿಯಲಿಲ್ಲ. ನಮ್ಮ ಮನೆಯಾಕೆ ರುದ್ರಾಣಿಗೆ ಓದಿ ಹೇಳಿದೆ. "ಪಾಪ, ಏನೋ ಕಳ್ಕೊಂಡಿದಾರೆ, ಏನು ಅಂತ ಸರಿಯಾಗಿ ಕೇಳಿ" ಎಂದಳು. ಅದಕ್ಕೇ ಕೇಳುತ್ತಿದ್ದೇನೆ.

ಕರಿ ನಾಲ್ಕನ್ನು ಷಡ್ಜ ಮಾಡಿಕೊಂಡರೆ ಗಾಂಧಾರ ಎರಡೇ. ಚಿಕ್ಕದು ಒಂದು, ದೊಡ್ಡದು ಒಂದು. ತಾವು ಕೋಮಲ, ಶುದ್ಧ ಎನ್ನುತ್ತೀರಿ. ನಮ್ಮ ಕಡೆ ಸಾಧಾರಣ, ಅಂತರ ಎನ್ನುತ್ತಾರೆ. ಚಿಕ್ಕದು ಬಿಳಿ ಏಳು, ದೊಡ್ಡದು ಅದರ ಮಗ್ಗುಲಿನ ಬಿಳಿ ಒಂದು. ಆ ಎರಡು ಮನೆಗಳ ನಡುವೆ ಒಂದು ಕರಿ ಮನೆಯೂ ಇಲ್ಲ. ಚಿಕ್ಕದನ್ನು ಒತ್ತಿದರೆ ಮೂರರ ನಾದ ಅಳುತ್ತದೆ, ದೊಡ್ಡದನ್ನು ಒತ್ತಿದರೆ ನಗುತ್ತದೆ. ಎರಡೂ ಅಲ್ಲದ್ದು ಎಂದರೆ ನಾನು ಎಲ್ಲಿ ಹುಡುಕಲಿ?

ಬಿಳಿ ಒಂದು ಇಳಿದಿತ್ತು, ಏರಿಸಿದೆ. ಇದು ತಪ್ಪಾದರೆ ನಾನು ನಲವತ್ತು ವರ್ಷ ಮಾಡಿದ್ದೆಲ್ಲ ತಪ್ಪು. ತಾವು ಬಹಳ ವರ್ಷ ಪೆಟ್ಟಿಗೆ ಕೇಳಿಲ್ಲ. ವಯಸ್ಸಾದ ಮೇಲೆ ಕಿವಿಯೂ ಗಂಟಲೂ ಒಂದಿಷ್ಟು ಜಾಗ ಬಿಡುತ್ತವೆ, ನನ್ನದೂ ಬಿಟ್ಟಿದೆ. ನಮ್ಮಲ್ಲಿ ಒಂದು ಗಾದೆಯಿದೆ, ಹಿರಿಯರಿಗೆ ಬರೆಯುವಂಥದ್ದಲ್ಲ. ನಾಲ್ಕು ದಿನ ಅದೇ ಪೆಟ್ಟಿಗೆಯಲ್ಲಿ ಅಭ್ಯಾಸ ಮಾಡಿ ನೋಡಿ, ಹೊಂದಿಕೊಳ್ಳುತ್ತದೆ.

ಮಲ್ಲಿಕಾರ್ಜುನಯ್ಯ


ರಾಣೆಬೆನ್ನೂರು
20-9-1996

ಮಲ್ಲಿಕಾರ್ಜುನಯ್ಯನವರಿಗೆ,

ಯಾವ ಗಾದೆ ಎಂದು ನನಗೆ ಗೊತ್ತು. ಕುಣಿಯಲಾರದವಳಿಗೆ ನೆಲ ಡೊಂಕು. ಬರೆಯದೆ ಬಿಟ್ಟರೆ ಚುಚ್ಚುವುದಿಲ್ಲವೆಂದು ತಿಳಿದಿರಾ?

ನಾಲ್ಕು ದಿನವಲ್ಲ, ಒಂಬತ್ತು ದಿನ ಅಭ್ಯಾಸ ಮಾಡಿದೆ. ಪದದಲ್ಲಿ ಒಂದು ಜಾಗ ಬಂತೆಂದರೆ ಪೆಟ್ಟಿಗೆ ಒಂದು ದಾರಿ, ನಾನೊಂದು ದಾರಿ. ಮಹಾನಂದ ಬೆರಳು ನಿಧಾನ ಮಾಡುತ್ತಾಳೆ. ಮೊನ್ನೆ ದಾವಣಗೆರೆಗೆ ಮೊದಲನೆಯ ತಾಲೀಮಿಗೆ ಹೋಗಿದ್ದೆ. ಅಲ್ಲಿನವರ ಪೆಟ್ಟಿಗೆಯಲ್ಲೂ ಹಾಗೆಯೇ ಆಯಿತು. ತಬಲದವನೂ ಪಿಟೀಲಿನವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಯಾರೋ "ಅಮ್ಮಾರಿಗೆ ವಯಸ್ಸಾತು ಬಿಡ್ರಿ" ಅಂದದ್ದು ಕೇಳಿಸಿತು. ಆ ಕಿವಿ ಇನ್ನೂ ಚೆನ್ನಾಗಿದೆ.

ನನಗೆ ಅಂಜಿಕೆಯಾಗಿದೆ. ಇಷ್ಟು ಅಂಜಿಕೆ ರಂಗಕ್ಕೆ ಮೊದಲು ಹತ್ತಿದ ದಿನವೂ ಆಗಿರಲಿಲ್ಲ. ಕೆಟ್ಟದ್ದು ಪೆಟ್ಟಿಗೆಯೋ ನಾನೋ, ಅದೊಂದು ತಿಳಿಯಬೇಕು. ನನ್ನ ಗಂಟಲೇ ಹೋಗಿದ್ದರೆ ದಾವಣಗೆರೆಯವರಿಗೆ ಬರುವುದಿಲ್ಲವೆಂದು ಹೇಳಿಬಿಡುತ್ತೇನೆ. ಪೆಟ್ಟಿಗೆಯನ್ನು ನಿಮ್ಮ ಜಮಖಾನದಲ್ಲೇ ಸುತ್ತಿ ಕಳಿಸಿದ್ದೇನೆ.

ಸರ್ವಮಂಗಳಾ


ಬಳೇಪೇಟೆ, ಬೆಂಗಳೂರು
18-10-1996

ಸರ್ವಮಂಗಳಮ್ಮನವರಿಗೆ ಶರಣು.

ಗಾದೆಯ ವಿಷಯದಲ್ಲಿ ಕ್ಷಮೆ ಇರಲಿ. ರುದ್ರಾಣಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಪೆಟ್ಟಿಗೆ ಬಿಚ್ಚಿ ಭೂತಗನ್ನಡಿ ಹಿಡಿದು ಕೂತೆ. ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ಸಲವೇ ಇದು ಕಣ್ಣಿಗೆ ಬಿದ್ದಿತ್ತು, ಬರೆಯಲಿಲ್ಲ. ತಾನಾಗಿ ಕೆಡುವ ರೀಡುಗಳು ಒಂದೊಂದು ಒಂದೊಂದು ಅಳತೆಗೆ ಕೆಡುತ್ತವೆ. ಇವು ಆರೂ ಒಂದೇ ಅಳತೆಗೆ ಇಳಿದಿದ್ದವು. ರೀಡನ್ನು ತುದಿಯಲ್ಲಿ ತೇಯ್ದರೆ ಸ್ವರ ಏರುತ್ತದೆ, ಬುಡದಲ್ಲಿ ತೇಯ್ದರೆ ಇಳಿಯುತ್ತದೆ. ಆರರ ಬುಡದಲ್ಲೂ ಅರದ ಗೀಟುಗಳಿವೆ, ಸೊಗಸಾದ ಕೈ. ಬೇಕೆಂದೇ ಇಳಿಸಿದ್ದು. ಅಷ್ಟು ಕಂಡರೂ ನನ್ನ ಕೈ ತಡೆಯಲಿಲ್ಲ. ತಪ್ಪು ಸ್ವರ ಕೇಳಿದರೆ ನಮಗೆ ಕೈ ತುರಿಸುತ್ತದೆ, ಏನು ಮಾಡುವುದು!

ಎಷ್ಟು ಇಳಿಸಿದ್ದರು ಎಂಬುದು ಈಗ ಉಳಿದಿಲ್ಲ, ನಾನೇ ಅಳಿಸಿದ್ದೇನೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಬಸವನಗುಡಿಗೆ ಅಂಬುಜಮ್ಮನವರ ಹತ್ತಿರ ಹೋದೆ. ವೀಣೆ ಪಾಠ ಹೇಳುತ್ತಾರೆ, ನಮ್ಮ ಹಳೆಯ ಗಿರಾಕಿ. ವಿಷಯ ಕೇಳಿ ನಕ್ಕರು. "ಹಾಡೋರ ಗಂಟಲಲ್ಲಿ ಸ್ವರ ಎಲ್ಲೆಲ್ಲೋ ನಿಲ್ಲತ್ತೆ ಕಣ್ರೀ. ನಿಮ್ಮ ಪೆಟ್ಟಿಗೆಗೆ ಗೊತ್ತಿಲ್ಲ, ಅಷ್ಟೆ" ಎಂದು ವೀಣೆಯ ಚಿಕ್ಕ ಗಾಂಧಾರದ ಮೆಟ್ಟಿಲಲ್ಲಿ ತಂತಿ ಹಿಡಿದು ಮೆಲ್ಲಗೆ ಎಳೆದರು. ಸ್ವರ ಏರಿ ಏರಿ ಮಧ್ಯದಲ್ಲೆಲ್ಲೋ ನಿಂತಿತು.

"ಇದೇನಾ ನೋಡಿ."

"ಗೊತ್ತಿಲ್ಲಮ್ಮ."

"ಇನ್ನೊಂಚೂರು ಮೇಲಾ?"

"ಅದೂ ಗೊತ್ತಿಲ್ಲ."

"ಹಾಗಾದ್ರೆ ಗೊತ್ತಿರೋರನ್ನೇ ಕೇಳ್ಬೇಕು. ಆಯಮ್ಮನ ಕೈಲಿ ಹಾಡಿಸಿ ಕ್ಯಾಸೆಟ್ ತರಿಸ್ಕೊಳ್ಳಿ."

ಆದ್ದರಿಂದ ತಾವು ಪೆಟ್ಟಿಗೆಯಿಲ್ಲದೆ ಬರೀ ತಂಬೂರಿ ಇಟ್ಟುಕೊಂಡು ಮೂರು ಪದ ಹಾಡಿ ಕಳಿಸಬೇಕು. ಆ ಬಾಗಿಲ ಪದ ಒಂದು, ಚೆನ್ನಾಗಿ ಅಳುವ ಪದ ಒಂದು, ನಗುವ ಪದ ಒಂದು. ಚಿಕ್ಕ ಗಾಂಧಾರವೂ ದೊಡ್ಡ ಗಾಂಧಾರವೂ ತಮ್ಮ ಗಂಟಲಲ್ಲಿ ಎಲ್ಲಿ ನಿಲ್ಲುತ್ತವೆಂದು ಕೇಳಿಕೊಂಡರೆ ನಡುವಿನದನ್ನು ಅಳೆಯುವುದು ಸುಲಭ.

ಮಲ್ಲಿಕಾರ್ಜುನಯ್ಯ


ರಾಣೆಬೆನ್ನೂರು
3-11-1996

ಮಲ್ಲಿಕಾರ್ಜುನಯ್ಯನವರಿಗೆ ಶರಣು.

ಕ್ಯಾಸೆಟ್ಟು ಇದರ ಜೊತೆಗಿದೆ. ಮೂರು ಪದ ಹಾಡಿದ್ದೇನೆ. ಎರಡನೆಯದರಲ್ಲಿ ಮಗ್ಗುಲು ಮನೆಯ ಕುಕ್ಕರ್ ಕೂಗುತ್ತದೆ, ಅದರ ಶ್ರುತಿ ಹಿಡಿದೀರಿ ಜೋಕೆ.

ಬೇಕೆಂದೇ ಇಳಿಸಿದ್ದು ಎಂದು ನೀವು ಬರೆದದ್ದನ್ನು ಮಹಾನಂದಳ ಕೈಲಿ ಮೂರು ಸಲ ಓದಿಸಿಕೊಂಡೆ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಾನು ಹೇಳಿದ್ದು ನಿಜವೆಂದು ನಿಮ್ಮ ಕೈಯಿಂದಲೇ ಬಂತು. ಮಾಸ್ತರರು ಆ ನಾದವನ್ನು ಯಾರಿಗೂ ಹೇಳಿಕೊಡಲಿಲ್ಲ. ಬೇರೆ ಕಂಪನಿಯವರು ಬಂದು ಕದ್ದು ಕೇಳಿ ಹೋಗಿ ತಮ್ಮ ಪೆಟ್ಟಿಗೆಯಲ್ಲಿ ಹುಡುಕಿ ಸೋತಿದ್ದಾರೆ. ನನ್ನ ಪದಕ್ಕೆ ಬಿಟ್ಟು ಮತ್ತೆ ಯಾರ ಪದಕ್ಕೂ ಅವರು ಈ ಪೆಟ್ಟಿಗೆ ತೆಗೆಯುತ್ತಿರಲಿಲ್ಲ. ಉಳಿದವರಿಗೆಲ್ಲ ಕಂಪನಿಯ ಪೆಟ್ಟಿಗೆ. ಉಳಿದ ನಟಿಯರಿಗೆ ಹೊಟ್ಟೆಕಿಚ್ಚು. ನಾನೂ ಬೀಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ!

ಮನೆಯಲ್ಲಿ ಅವರು ಮಾತು ಕಡಿಮೆ. ನನ್ನ ಹಾಡನ್ನು ಚೆನ್ನಾಗಿದೆ ಎಂದು ಒಂದು ದಿನವೂ ಹೇಳಲಿಲ್ಲ. ನಿಮ್ಮಂಥ ಕೆಲಸದವರಿಗೆ ಅದರ ಅರ್ಥ ಗೊತ್ತಿರಬಹುದು, ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಕ್ರಾಂತಿಗೆ ಮುಂಚೆ ಪೆಟ್ಟಿಗೆ ಕೈಸೇರಬೇಕು.

ಸರ್ವಮಂಗಳಾ


ಬಳೇಪೇಟೆ, ಬೆಂಗಳೂರು
28-11-1996

ಸರ್ವಮಂಗಳಕ್ಕನವರಿಗೆ ಶರಣು.

ಕ್ಯಾಸೆಟ್ಟನ್ನು ಅಂಬುಜಮ್ಮನವರ ಮನೆಗೆ ಒಯ್ದೆ. ಮೂರು ಪದವನ್ನೂ ಕೇಳಿದೆವು. ತಿರುಗಿಸಿ ಇನ್ನೊಂದು ಸಲ ಕೇಳಿದೆವು. ಅಂಬುಜಮ್ಮನವರು ವೀಣೆ ಕೆಳಗಿಟ್ಟು ಕಾಫಿ ಮಾಡಲು ಎದ್ದುಹೋದರು. ಬೇಕಾದ ಸ್ವರ ಸಿಕ್ಕಿತು. ಮಾದರಿ ಸಾಕಾಯಿತು.

ಹಳೆಯ ಆರು ರೀಡುಗಳನ್ನು ಮತ್ತೆ ತೇಯಲು ಧೈರ್ಯ ಬರಲಿಲ್ಲ. ಬುಡದಲ್ಲಿ ಮಾಸ್ತರರು ತೇಯ್ದಿದ್ದಾರೆ, ತುದಿಯಲ್ಲಿ ನಾನು ತೇಯ್ದಿದ್ದೇನೆ, ಇನ್ನು ತೇಯ್ದರೆ ಸೀಳುತ್ತವೆ. ಹೊಸ ಆರು ರೀಡು ಹಾಕಿ ತಮ್ಮ ಗಂಟಲಿಗೆ ಹೊಂದಿಸಿದ್ದೇನೆ. ಹಳೆಯವನ್ನು ಕಾಗದದಲ್ಲಿ ಕಟ್ಟಿ ಪೆಟ್ಟಿಗೆಯೊಳಗೇ ಇಟ್ಟಿದ್ದೇನೆ.

ಹೊಸದು ಮಾಡುವಷ್ಟರಲ್ಲಿ ನನ್ನ ಕಿವಿ ಕೆಟ್ಟಿತು. ಎಂಟು ದಿನ ಆ ಮೂರರ ನಾದದೊಳಗೇ ಕೂತಿದ್ದೆ. ಈಗ ಶೇಷಾದ್ರಿಪುರದ ಭಜನೆ ಮಂಡಳಿಯವರ ಸರಿಯಾದ ಪೆಟ್ಟಿಗೆ ಕೇಳಿದರೆ ಅದೇ ಅಪಸ್ವರ ಅನ್ನಿಸುತ್ತದೆ. ಅವರ ಕೆಲಸವನ್ನು ಒಂದು ವಾರ ಮುಂದಕ್ಕೆ ಹಾಕಿದ್ದೇನೆ.

ಒಂದು ಮಾತು ಕೇಳಬೇಕೆಂದಿದ್ದೆ. ಬಿಳಿ ಒಂದನೆಯ ಮನೆ ಬೆರಳು ಕೂತು ಕೂತು ಗುಳಿ ಬಿದ್ದಿದೆ. ಮಗ್ಗುಲಿನ ಬಿಳಿ ಏಳು, ಅದೇ ಚಿಕ್ಕ ಗಾಂಧಾರದ ಮನೆ, ನಿನ್ನೆ ಕೂರಿಸಿದ ಹಾಗೆ ಹೊಳೆಯುತ್ತಿದೆ. ಅಳುವ ಪದಗಳಿಗೂ ಮಾಸ್ತರರು ಅದನ್ನು ಮುಟ್ಟುತ್ತಿರಲಿಲ್ಲವೇ? ಬೇಡ, ಉತ್ತರ ಬರೆಯಬೇಡಿ. ಸುಮ್ಮನೆ ಕೇಳಿದೆ.

ಮಾಸ್ತರರಂಥ ಕಿವಿಯನ್ನು ನಾನು ಕಂಡಿಲ್ಲ. ಇದೊಂದನ್ನು ಮಾತ್ರ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಮಲ್ಲಿಕಾರ್ಜುನಯ್ಯ


(ಕಾರ್ಡು)
ಬಳೇಪೇಟೆ, 19-12-1996

ಅಕ್ಕನವರಿಗೆ ಶರಣು. ಪೆಟ್ಟಿಗೆ ತಲುಪಿತೆಂದು ಲಾರಿ ಆಫೀಸಿನವರು ಹೇಳಿದರು. ತಮ್ಮಿಂದ ಕಾರ್ಡು ಬರಲಿಲ್ಲ. ಸ್ವರ ಹೊಂದಿತೇ? ಮಲ್ಲಿಕಾರ್ಜುನಯ್ಯ.


(ಕಾರ್ಡು)
ಬಳೇಪೇಟೆ, 6-1-1997

ಅಕ್ಕನವರಿಗೆ ಶರಣು. ಮಾರ್ಕೆಟ್ಟಿನಲ್ಲಿ ಅಂಬುಜಮ್ಮನವರು ಸಿಕ್ಕಿದ್ದರು, ಕೈಯಲ್ಲಿ ಅವರೆಕಾಯಿ. ಮೊದಲು ಕೇಳಿದ್ದೇ ತಮ್ಮ ವಿಷಯ. ಗೊತ್ತಿಲ್ಲ ಎಂದೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ, ಅಥವಾ ಬರೆಯದೆ ಬಿಟ್ಟದ್ದರಲ್ಲಿ ತಪ್ಪಿದ್ದರೆ, ಬೈದಾದರೂ ಎರಡು ಸಾಲು ಬರೆಯಿರಿ. ಮಲ್ಲಿಕಾರ್ಜುನಯ್ಯ.


ರಾಣೆಬೆನ್ನೂರು
22-1-1997

ತಮ್ಮಾ ಮಲ್ಲಿಕಾರ್ಜುನಯ್ಯ,

ನಿನ್ನ ಎರಡು ಕಾರ್ಡೂ ಬಂದವು. ಬೈಯಬೇಕೆಂದೇ ಇದ್ದೆ, ಆದ್ದರಿಂದಲೇ ಬರೆಯಲಿಲ್ಲ. ಇನ್ನು ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ. ಅಕ್ಕ ಎಂದು ಬರೆದವನು ನೀನೇ ತಾನೆ.

ಪೆಟ್ಟಿಗೆ ಬಂದ ದಿನ ಮೂರು ಮನೆ ಒತ್ತಿದೆ. ಅದೇ ನಾದ. ಪಡಸಾಲೆಯಲ್ಲಿ ಕೂತು ಅತ್ತೆ. ಬಾಗಿಲ ಪದ ಹಾಡಿದೆ, ಒಂದು ಕೂದಲೂ ಆಚೀಚೆ ಆಗಲಿಲ್ಲ. ಗಂಟಲು ಹೋಗಿಲ್ಲವೆಂದು ತಿಳಿದು ಅವತ್ತು ಹೋಳಿಗೆ ಮಾಡಿದೆ.

ಎರಡು ದಿನದ ಮೇಲೆ ಮಹಾನಂದಳಿಗೆ ಅದೇ ಪದ ಕಲಿಸುತ್ತಿದ್ದೆ. ಒಂದು ಜಾಗದಲ್ಲಿ ಅವಳ ಸ್ವರ ಪೆಟ್ಟಿಗೆಗೆ ಕೂಡಲಿಲ್ಲ. "ಪೆಟ್ಟಿಗಿ ಕೇಳಿ ಹಾಡು" ಎಂದು ಗದರಿದೆ. ಅವಳು ನಕ್ಕುಬಿಟ್ಟಳು. "ಅಜ್ಜಿ, ಪೆಟ್ಟಿಗಿ ನಿಮ್ಮಂಗ ಹಾಡಾಕತ್ತೈತಿ. ನೀವು ಅಳೋ ಪದಕ್ಕೂ ಅದ ಗಾಂಧಾರ, ನಗೋ ಪದಕ್ಕೂ ಅದ ಗಾಂಧಾರ" ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಕ್ಯಾಸೆಟ್ಟಿನ ಒಂದು ಪ್ರತಿ ಅವಳ ಹತ್ತಿರ ಇತ್ತು. ಹಾಕಿಸಿ ಕೇಳಿದೆ. ಹೊರಗಿನವಳ ಹಾಗೆ ನನ್ನ ದನಿಯನ್ನು ಕೇಳಿದ್ದು ಅದೇ ಮೊದಲು. ಮೂರು ಪದದಲ್ಲೂ ನಾನು ಒಂದೇ ಜಾಗಕ್ಕೆ ಹೋಗಿ ನಿಲ್ಲುತ್ತೇನೆ, ಚಿಕ್ಕದಕ್ಕೂ ಅಲ್ಲ, ದೊಡ್ಡದಕ್ಕೂ ಅಲ್ಲ. ನಿನ್ನ ಪತ್ರ ತೆಗೆಸಿದೆ. "ಮಾದರಿ ಸಾಕಾಯಿತು" ಅಂತೆ! ಅಂಬುಜಮ್ಮ ಕಾಫಿಗೆ ಎದ್ದದ್ದು ಯಾಕೆಂದು ಆಗ ಗೊತ್ತಾಯಿತು. ಬಿಳಿ ಏಳು ಯಾಕೆ ಹೊಳೆಯುತ್ತದೆಂದೂ ಗೊತ್ತಾಯಿತು.

ಇಳಕಲ್ಲಿನಲ್ಲಿ ಪೆಟ್ಟಿಗೆ ಸರಿಯಾಗಿತ್ತು ತಮ್ಮಾ. ತಪ್ಪಿದ್ದವಳು ನಾನು. ಮದುವೆಯಾಗಿ ಮೂರು ತಿಂಗಳ ಹೆಂಡತಿ ಮಂದಿಯೆದುರಿಗೆ ಗಂಡನ ಪೆಟ್ಟಿಗೆಯನ್ನು ಜರಿದಳು. ಅವರು ನನ್ನ ಮುಖ ನೋಡಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಮರುದಿನ ಒಳ್ಳೆಯ ಆರು ರೀಡು ತೇಯ್ದು ನನ್ನ ಗಂಟಲಿಗೆ ತಂದರು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರೆ. ನನ್ನ ಗಂಡ ನೆಲವನ್ನೇ ಡೊಂಕು ಮಾಡಿಕೊಟ್ಟರು. ಅದರ ಮೇಲೆ ಇಪ್ಪತ್ತಾರು ವರ್ಷ ಕುಣಿದು, ನನ್ನಂಥ ಕಿವಿ ಯಾರಿಗಿದೆ ಎಂದು ಮೆರೆದೆ.

ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಕಲಿಯುತ್ತಿದ್ದೆ, ಆಗ ಇಪ್ಪತ್ನಾಲ್ಕು ವರ್ಷ ನನಗೆ. ಹೇಳಲಿಲ್ಲ. ಚೆನ್ನಾಗಿದೆ ಎಂದೂ ಹೇಳಲಿಲ್ಲ. ಸತ್ತವರ ಮೇಲೆ ಸಿಟ್ಟು ಬಂದರೆ ಎಲ್ಲಿಗೆ ಒಯ್ಯುವುದು? ಒಂದು ತಿಂಗಳು ಅವರ ಫೋಟೋಕ್ಕೆ ಹೂವು ಹಾಕಲಿಲ್ಲ. ದಾವಣಗೆರೆಗೆ ಹೋಗುವುದಿಲ್ಲವೆಂದು ಹಟ ಹಿಡಿದೆ. ಕೊನೆಗೆ ಸಂಕ್ರಾಂತಿಯ ದಿನ ಮತ್ತೆ ಪೆಟ್ಟಿಗೆಯ ಮುಂದೆ ಕೂತು ಬಿಳಿ ಒಂದರ ಗುಳಿಯಲ್ಲಿ ಬೆರಳಿಟ್ಟೆ. ನನ್ನ ಬೆರಳಿಗೆ ಅದು ದೊಡ್ಡದಾಯಿತು. ಎಷ್ಟು ಸಲ ಅಲ್ಲಿ ಬೆರಳಿಟ್ಟಿರಬೇಡ ಅವರು. ಒಂದು ಸಲ ಒತ್ತುವುದು ಮರೆತಿದ್ದರೂ ನನ್ನ ಗುಟ್ಟು ರಟ್ಟಾಗುತ್ತಿತ್ತು. ಮರೆಯಲಿಲ್ಲ. ಇದು ಪ್ರೀತಿಯೋ, ಬರೀ ಮಾತಾಡಲಾರದವನ ಹಟವೋ, ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಆದರೆ ಹೂವು ಹಾಕಿದೆ.

ನೀನು ಹೇಳದೆ ಬಿಟ್ಟೆಯಲ್ಲ, ಅದಕ್ಕೂ ಸಿಟ್ಟಿದೆ. ಗಂಡಸರೆಲ್ಲ ಒಂದೇ ಶಾಲೆಯಲ್ಲಿ ಕಲಿತಿರಬೇಕು. ಶಿಕ್ಷೆಯಾಗಿ ಒಂದು ಕೆಲಸ ಹೇಳುತ್ತೇನೆ. ಮಹಾನಂದಳ ಗಾಂಧಾರಗಳು ಎರಡೂ ಸರಿಯಾಗಿವೆ. ನಾನು ಇರುವವರೆಗೆ ಹೊಸ ರೀಡು ಇರಲಿ. ನಾನು ಹೋದ ಮೇಲೆ ಅವಳು ಪೆಟ್ಟಿಗೆ ತರುತ್ತಾಳೆ. ನೀನು ಮೊದಲೇ ಶ್ರುತಿಗೆ ತಂದು ಕಾಗದದಲ್ಲಿ ಕಟ್ಟಿಟ್ಟ ಆ ಹಳೆಯ ಆರನ್ನೇ ಅವಳಿಗೆ ಹಾಕಿಕೊಡು, ತೆಳ್ಳಗಾಗಿದ್ದರೂ ಸರಿ.

ದಾವಣಗೆರೆಯಲ್ಲಿ ಹಾಡಿದೆ. ಚಪ್ಪಾಳೆ ಎಷ್ಟು ಬಿತ್ತೆಂದು ಬರೆಯುವುದಿಲ್ಲ, ನಾಟಕದವರು ಅದನ್ನು ಯಾವಾಗಲೂ ಜಾಸ್ತಿ ಹೇಳುತ್ತಾರೆ. ಪದ ಮುಗಿದ ಮೇಲೆ ಅಲ್ಲಿನ ಪೆಟ್ಟಿಗೆ ನುಡಿಸುವವನು ರಂಗದ ಮೇಲೇ ಹತ್ತಿರ ಬಂದು, "ಅಮ್ಮಾರ, ಭಾಳ ಚಂದಾತ್ರಿ. ಆದ್ರ ನಿಮ್ಮ ಪೆಟ್ಟಿಗ್ಯಾಗ ಒಂದು ಮನಿ ತಪ್ಪೈತಿ. ರಿಪೇರಿ ಮಾಡಿದವರು ಯಾರ್ರಿ?" ಎಂದು ಕೇಳಿದ. ನಿನ್ನ ಹೆಸರು ಬಾಯಿಯ ತನಕ ಬಂದಿತ್ತು. ಹೇಳಿದ್ದರೆ ಮುಗಿದುಹೋಗುತ್ತಿತ್ತು.

"ಪೆಟ್ಟಿಗಿ ಸರಿ ಐತಪಾ" ಅಂದೆ. "ತಪ್ಪು ನಂದು."

ಇಳಕಲ್ಲಿನಲ್ಲಿ ಅವರು ಹೇಳಿದಷ್ಟೇ ಮೆಲ್ಲಗೆ ಹೇಳಬೇಕೆಂದಿದ್ದೆ. ನಾಟಕದವಳ ಗಂಟಲು, ಕೊನೆಯ ಸಾಲಿನವರೆಗೂ ಕೇಳಿಸಿತು.

ನಿನ್ನ ಅಕ್ಕ,
ಸರ್ವಮಂಗಳಾ